ಅಬಕಾರಿ ಕೇಸು ಗೆದ್ದ ಮೇಲೆ ವಕೀಲರ ಫೀಸು ವಾಪಸ್ ಪಡೆಯುವ ದಾರಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾನು ಲೆಕ್ಕ ಬರೆಯುವ ಕಚೇರಿಗೆ ಒಂದು ಸಂಜೆ ಹೆದ್ದಾರಿ ಬದಿಯ ಬಾರ್ ಮಾಲೀಕರೊಬ್ಬರು ಬಂದರು. ಅವರ ಸಿ.ಎಲ್.-9 ಸನ್ನದನ್ನು (ಬಾರ್ ನಡೆಸುವ ಪರವಾನಗಿ) ಅಧಿಕಾರಿಯೊಬ್ಬರು ಕಾರಣ ಕೇಳಿ ನೋಟಿಸನ್ನೂ ಕೊಡದೆ ಅಮಾನತು ಮಾಡಿದ್ದರು. ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತ್ತು. ಮೇಜಿನ ಮೇಲೆ ಸೀರೆ ಅಂಗಡಿಯ ಬಟ್ಟೆಚೀಲವೊಂದನ್ನು ಸುರಿದರು. ಬಸ್ ಟಿಕೆಟ್, ಜೆರಾಕ್ಸ್ ಅಂಗಡಿ ಚೀಟಿ, ಹೋಟೆಲ್ ಬಿಲ್ಲು, ವಕೀಲರ ಗುಮಾಸ್ತರು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ ಮೊತ್ತಗಳು. "ಗೆದ್ದಾಯ್ತಲ್ಲ ಸ್ವಾಮಿ, ಇದನ್ನೆಲ್ಲ ಸರ್ಕಾರದಿಂದ ಹೆಂಗೆ ವಸೂಲಿ ಮಾಡೋದು ಹೇಳಿ" ಅಂದರು.

ತೀರ್ಪಿನ ಕೊನೆಯ ಪುಟ ತೆಗೆದೆ. 'ನೋ ಆರ್ಡರ್ ಆಸ್ ಟು ಕಾಸ್ಟ್ಸ್' ಎಂದಿತ್ತು, ಅಂದರೆ ಅವರವರ ಖರ್ಚು ಅವರವರಿಗೆ. ಅರ್ಜಿಯ ಕೊನೆಯ ಪುಟ ತೆಗೆದೆ. ಅಲ್ಲಿ ಖರ್ಚು ಕೊಡಿಸಿ ಎಂಬ ಒಂದು ಸಾಲೂ ಇರಲಿಲ್ಲ. ಕೇಳದೆ ಇದ್ದದ್ದನ್ನು ಕೋರ್ಟು ಕೊಟ್ಟಿರಲಿಲ್ಲ. ಆ ಚೀಲದಲ್ಲಿದ್ದ ಬಸ್ ಟಿಕೆಟುಗಳ ಅಕ್ಷರ ಆಗಲೇ ಮಾಸಿಹೋಗಿ ಬರೀ ಬಿಳಿ ಚೀಟಿಗಳಾಗಿದ್ದವು.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಮಾತನ್ನು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಗೆದ್ದವನು ಸೋಲುವುದು ಬಹುತೇಕ ಕಾಗದದ ಅಸಡ್ಡೆಯಿಂದ ಅನ್ನುವುದನ್ನು ನಾನು ಫೈಲುಗಳಲ್ಲಿ ನೋಡಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸನ್ನದುದಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಅರ್ಜಿ ಬರೆಯುವುದು, ವಾದ ಮಾಡುವುದು ನಿಮ್ಮ ವಕೀಲರ ಕೆಲಸ. ಅವರ ಕೈಗೆ ಯಾವ ಕಾಗದ, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೆಲಸ, ಮತ್ತು ಖರ್ಚು ವಾಪಸ್ ಬರುವುದು ಹೆಚ್ಚಾಗಿ ಆ ಕೆಲಸದಿಂದಲೇ.

ಮೂರು ಹಣವನ್ನು ಮೂರು ಕಡೆ ಇಡಿ

ಕೇಸು ಗೆದ್ದವರು 'ನನ್ನ ದುಡ್ಡು' ಅನ್ನುವಾಗ ಮೂರು ಬೇರೆಬೇರೆ ಹಣವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದು, ಕೇಸು ನಡೆಸಲು ಆದ ಖರ್ಚು: ವಕೀಲರ ಫೀಸು, ಕೋರ್ಟ್ ಶುಲ್ಕ, ನಕಲು, ಓಡಾಟ. ಎರಡು, ಅಂಗಡಿ ಮುಚ್ಚಿದ್ದ ದಿನಗಳ ವ್ಯಾಪಾರ ನಷ್ಟ. ಮೂರು, ರದ್ದಾದ ಆದೇಶದ ಕಾರಣಕ್ಕೆ ನೀವು ಆಗಲೇ ಕಟ್ಟಿದ್ದ ದಂಡ ಅಥವಾ ಶುಲ್ಕ.

ಇವು ಮೂರಕ್ಕೂ ದಾರಿ ಬೇರೆ. ಮೊದಲನೆಯದನ್ನು ಅದೇ ಕೇಸಿನಲ್ಲಿ ಕೇಳಬೇಕು, ಆಮೇಲೆ ಬೇರೆ ಕೇಸು ಹಾಕಿ ಕೇಳುವುದಕ್ಕೆ ಬರುವುದಿಲ್ಲ. ಎರಡನೆಯದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ದಾವೆಯೇ ಬೇಕು. ಮೂರನೆಯದನ್ನು ಅರ್ಜಿಯಲ್ಲೇ 'ಕಟ್ಟಿಸಿಕೊಂಡ ಹಣ ಹಿಂತಿರುಗಿಸಲು ನಿರ್ದೇಶಿಸಿ' ಎಂದು ಒಂದು ಸಾಲು ಸೇರಿಸಿ ಕೇಳಬಹುದು. ಅದಕ್ಕಾಗಿ ಹಣ ಕಟ್ಟುವಾಗಲೇ 'ಪ್ರತಿಭಟನೆಯೊಂದಿಗೆ ಪಾವತಿಸಿದ್ದೇನೆ' ಎಂದು ಒಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರಿ.

ಅಮೆರಿಕದಲ್ಲಿ ಗೆದ್ದರೂ ಸೋತರೂ ಅವರವರ ವಕೀಲರ ಫೀಸು ಅವರವರೇ ಕೊಡುವುದು ವಾಡಿಕೆ. ಅದರಿಂದ ಸಣ್ಣ ವ್ಯಾಪಾರಿಗಳು ಸರ್ಕಾರಿ ಇಲಾಖೆಯ ಎದುರು ನಿಲ್ಲಲಾರದೆ ಹೋಗುತ್ತಾರೆಂದು 1980ರಲ್ಲಿ ಅಲ್ಲಿನ ಸಂಸತ್ತು 'ಈಕ್ವಲ್ ಆಕ್ಸೆಸ್ ಟು ಜಸ್ಟಿಸ್' ಎಂಬ ಕಾನೂನನ್ನೇ ಮಾಡಿತು. ಕೇಂದ್ರದ ಇಲಾಖೆ ತನ್ನ ನಿಲುವಿಗೆ ಗಟ್ಟಿ ಆಧಾರ ತೋರಿಸಲು ಆಗದಿದ್ದರೆ ಎದುರಾಳಿಯ ಫೀಸು ಕೊಡಬೇಕು ಎಂಬುದು ಅದರ ಸಾರ. ಕೆಲವು ರಾಜ್ಯಗಳೂ ಇಂಥದ್ದೇ ಕಾನೂನು ಮಾಡಿಕೊಂಡಿವೆ. ನಮ್ಮಲ್ಲಿ ಇಲಾಖೆಗಳಿಗೆಂದೇ ಮಾಡಿದ ಅಂಥ ಕಾನೂನಿಲ್ಲ. ಆದರೆ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಮೂಲದಲ್ಲೇ ಗೆದ್ದವರ ಪರ ಇದೆ: ಸೋತವರು ಗೆದ್ದವರ ಖರ್ಚು ಕೊಡಬೇಕು, ಕೋರ್ಟು ಹಾಗೆ ಕೊಡಿಸದಿದ್ದರೆ ಕಾರಣವನ್ನು ಬರೆದು ಹೇಳಬೇಕು. ಈ ಒಂದು ಸಾಲು ಎಷ್ಟೋ ಸನ್ನದುದಾರರಿಗೆ ಗೊತ್ತೇ ಇಲ್ಲ.

ಹೆಜ್ಜೆ 1: ಯಾವ ಬಾಗಿಲಲ್ಲಿ ಖರ್ಚು ಸಿಗುತ್ತದೆ?

ಕರ್ನಾಟಕ ಅಬಕಾರಿ ಕಾಯ್ದೆ 1965ರ ಅಡಿಯ ಆದೇಶದ ವಿರುದ್ಧ ಮೊದಲ ದಾರಿ ಮೇಲ್ಮನವಿ. ಆದೇಶ ಯಾರದು ಎನ್ನುವುದರ ಮೇಲೆ ಅದು ಇಲಾಖೆಯೊಳಗೇ ಮೇಲಿನ ಅಧಿಕಾರಿಗೆ ಹೋಗಬಹುದು, ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿರುವ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೂ ಹೋಗಬಹುದು. ಇಲಾಖೆಯೊಳಗಿನ ಮೇಲ್ಮನವಿಯಲ್ಲಿ ವಕೀಲರ ಫೀಸು ಕೊಡಿಸುವ ರೂಢಿ ಇಲ್ಲ. ಆ ಹಂತದ ಖರ್ಚನ್ನು ಮನಸ್ಸಿನಿಂದ ಬಿಟ್ಟುಬಿಡಿ, ಆದರೆ ರಸೀದಿ ಬಿಡಬೇಡಿ. ನ್ಯಾಯಮಂಡಳಿಯಲ್ಲಿ ಕೇಳಿ, ಹೆಚ್ಚು ನಿರೀಕ್ಷೆ ಬೇಡ.

ನಿಜವಾಗಿ ಖರ್ಚು ಕೇಳುವುದಕ್ಕೆ ತಕ್ಕ ಜಾಗ ಎರಡು. ಒಂದು ಸಿವಿಲ್ ಕೋರ್ಟು, ಅಲ್ಲಿ 35ನೇ ಕಲಂ ನೇರವಾಗಿ ಅನ್ವಯ. ಇನ್ನೊಂದು ಹೈಕೋರ್ಟಿನ ರಿಟ್ ಅರ್ಜಿ, ಅಂದರೆ ಸರ್ಕಾರದ ಆದೇಶವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ. ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯಲ್ಲಿ ಖರ್ಚು ಕೊಡುವುದು ಬಿಡುವುದು ನ್ಯಾಯಮೂರ್ತಿಗಳ ವಿವೇಚನೆ. ಸಂಹಿತೆಯ 141ನೇ ಕಲಮಿನ ವಿವರಣೆಯೇ 226ನೇ ವಿಧಿಯ ಪ್ರಕರಣಗಳನ್ನು ಸಿವಿಲ್ ದಾವೆಯ ವಿಧಾನದಿಂದ ಹೊರಗಿಟ್ಟಿದೆ. ಹಾಗಾಗಿ ಅಲ್ಲಿ 'ಗೆದ್ದಿದ್ದೇನೆ, ಕೊಡಿ' ಅಂದರೆ ಸಾಲದು, 'ಈ ಕೇಸೇ ಆಗಬೇಕಿರಲಿಲ್ಲ' ಎಂದು ತೋರಿಸಬೇಕು.

ಇನ್ನೊಂದು ಮಾತು. ಮೇಲ್ಮನವಿಯ ದಾರಿ ಇರುವಾಗ ನೇರ ಹೈಕೋರ್ಟಿಗೆ ಹೋದರೆ 'ಮೊದಲು ಅಲ್ಲಿಗೆ ಹೋಗಿ' ಎಂದು ವಾಪಸ್ ಕಳಿಸುವ ಸಾಧ್ಯತೆ ಇದೆ. ಸಹಜ ನ್ಯಾಯದ ಉಲ್ಲಂಘನೆ (ಅಹವಾಲು ಕೇಳದೆ ಆದೇಶ ಮಾಡುವಂಥದ್ದು), ಅಧಿಕಾರವೇ ಇಲ್ಲದೆ ಮಾಡಿದ ಆದೇಶ, ಇಂಥವಕ್ಕೆ ವಿನಾಯಿತಿ ಇದೆ ಎಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕೇಸು ಆ ವಿನಾಯಿತಿಯೊಳಗೆ ಬಂದರೆ ಖರ್ಚಿಗೂ ಅದೇ ಕಾರಣ ಬಲ ಕೊಡುತ್ತದೆ. ಬಾರದಿದ್ದರೆ ರಿಟ್‌ಗೆ ಮಾಡಿದ ಖರ್ಚು ನಿಮ್ಮ ಮೈಮೇಲೆಯೇ.

ಹೆಜ್ಜೆ 2: ಕಾಂಪೌಂಡ್ ಮಾಡಿಸುವ ಮೊದಲು ಒಂದು ರಾತ್ರಿ ಯೋಚಿಸಿ

ದಾಸ್ತಾನು ಪುಸ್ತಕದಲ್ಲಿ ಎರಡು ಪೆಟ್ಟಿಗೆ ವ್ಯತ್ಯಾಸ ಬಂತು, ಮಹಜರು ಆಯಿತು, ಅಂಗಡಿಗೆ ಬೀಗ ಬಿತ್ತು. ಆಗ ಎಲ್ಲರೂ ಹೇಳುವುದು ಒಂದೇ: ದಂಡ ಕಟ್ಟಿ ಕಾಂಪೌಂಡ್ ಮಾಡಿಸಿಕೊಂಡುಬಿಡಿ, ಅಂದರೆ ಇಲಾಖೆಯ ಜೊತೆ ರಾಜಿಯಾಗಿ ಕೇಸು ಮುಗಿಸಿಕೊಳ್ಳಿ. ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ, ಎಷ್ಟೋ ಸಲ ಅದೇ ಸರಿಯಾದ ದಾರಿ. ಆದರೆ ಕಾಂಪೌಂಡ್ ಮಾಡಿಸಿಕೊಂಡ ಮೇಲೆ ನೀವು ಗೆದ್ದವರಲ್ಲ. ರಾಜಿಯಾದ ಪ್ರಕರಣದಲ್ಲಿ ಖರ್ಚು ಕೇಳಲು ಬರುವುದಿಲ್ಲ, ನಷ್ಟ ಕೇಳಲು ಬರುವುದಿಲ್ಲ. ತಪ್ಪು ನಿಮ್ಮ ಕಡೆ ಇಲ್ಲ ಎನ್ನುವ ಭರವಸೆ ಇದ್ದು, ಕಾಗದ ಗಟ್ಟಿಯಿದ್ದರೆ ಆ ಸಹಿ ಹಾಕುವ ಮುಂಚೆ ವಕೀಲರನ್ನು ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ತಪ್ಪು ಅರ್ಧದಷ್ಟಾದರೂ ನಿಮ್ಮದೇ ಆಗಿದ್ದರೆ ದಂಡ ಕಟ್ಟಿ ವ್ಯಾಪಾರ ನೋಡಿಕೊಳ್ಳುವುದೇ ಲೇಸು.

ಹೆಜ್ಜೆ 3: ಕೋರ್ಟಿಗೆ ಹೋಗುವ ಮುಂಚೆ ಒಂದು ಪತ್ರ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಖರ್ಚು ಸಿಗುವುದು ಸಿಗದಿರುವುದು ಅರ್ಧಕ್ಕರ್ಧ ಇದರ ಮೇಲೆ ನಿಂತಿದೆ.

ಆದೇಶ ಕೈಗೆ ಬಂದ ಕೂಡಲೇ, ಅದನ್ನು ಮಾಡಿದ ಅಧಿಕಾರಿಗೆ ಒಂದು ಪುಟದ ಮನವಿ ಬರೆಯಿರಿ. ಬೈಗುಳ ಬೇಡ, ಕಣ್ಣೀರು ಬೇಡ. ಹೀಗೆ ಸಾಕು:

"ತಮ್ಮ ಇಂಥ ದಿನಾಂಕದ, ಇಂಥ ಸಂಖ್ಯೆಯ ಆದೇಶದಿಂದ ನನ್ನ ಸಿ.ಎಲ್.-9 ಸನ್ನದು ಅಮಾನತಾಗಿದೆ. ಆದೇಶಕ್ಕೆ ಮುಂಚೆ ನನಗೆ ಕಾರಣ ಕೇಳಿ ನೋಟಿಸ್ ನೀಡಿರುವುದಿಲ್ಲ, ನನ್ನ ಅಹವಾಲು ಆಲಿಸಿರುವುದಿಲ್ಲ. ಮಹಜರಿನ ಪ್ರತಿಯನ್ನೂ ಕೊಟ್ಟಿರುವುದಿಲ್ಲ. ದಾಸ್ತಾನು ಪುಸ್ತಕದ ಸಂಬಂಧಪಟ್ಟ ಪುಟಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಏಳು ದಿನದೊಳಗೆ ಆದೇಶವನ್ನು ಹಿಂಪಡೆಯಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ನ್ಯಾಯಾಲಯದ ಮೊರೆ ಹೋಗುವುದು ಅನಿವಾರ್ಯವಾಗುತ್ತದೆ, ಮತ್ತು ಅದರ ಸಂಪೂರ್ಣ ಖರ್ಚನ್ನು ಕೊಡಿಸುವಂತೆ ಕೇಳುತ್ತೇನೆ."

ಎರಡು ಪ್ರತಿ ಮಾಡಿ, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಒಳಬಂದ ಸಂಖ್ಯೆ ಹಾಕಿಸಿಕೊಳ್ಳಿ. ಮುದ್ರೆ ಹಾಕದಿದ್ದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಬರುವಂತೆ ಕಳಿಸಿ. ನಾಳೆ ಕೋರ್ಟಿನಲ್ಲಿ ನಿಮ್ಮ ವಕೀಲರು 'ತಿದ್ದಿಕೊಳ್ಳಿ ಎಂದು ಕೇಳಿದೆವು, ಏಳು ದಿನ ಕೊಟ್ಟೆವು, ತಿದ್ದಲಿಲ್ಲ' ಎಂದು ಈ ಮುದ್ರೆ ತೋರಿಸಿ ಹೇಳಿದರೆ ಅದಕ್ಕಿಂತ ಗಟ್ಟಿ ವಾದ ಇನ್ನೊಂದಿಲ್ಲ. ಏಳು ದಿನ ಕಾಯುವುದು ವ್ಯಾಪಾರಸ್ಥರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ವರ್ಷದ ಸನ್ನದು ಶುಲ್ಕ ಪೂರ್ತಿ ಕಟ್ಟಿರುತ್ತೀರಿ, ಮುಚ್ಚಿದ ಒಂದೊಂದು ದಿನವೂ ಹೊಟ್ಟೆ ಉರಿಸುತ್ತದೆ. ತೀರಾ ತುರ್ತಾದರೆ ಮೂರು ದಿನ ಕೊಡಿ. ಪತ್ರವೇ ಇಲ್ಲದೆ ಮಾತ್ರ ಹೋಗಬೇಡಿ.

ಇದರ ಜೊತೆಗೇ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಿ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ ಬರೆಯಬೇಕು, ಉತ್ತರಕ್ಕೆ 30 ದಿನ. 'ನೋಟಿಸ್ ಕೊಡಬೇಕು' ಎಂದು ಕೆಳಗಿನವರು ಬರೆದಿದ್ದೂ ಮೇಲಿನವರು ಹಾಗೇ ಸಹಿ ಹಾಕಿದ್ದು ಆ ಹಾಳೆಯಲ್ಲಿ ಕಂಡರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಹೆಜ್ಜೆ 4: ರಸೀದಿ

ಒಂದು ಉದ್ದದ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಯಾತಕ್ಕೆ, ಯಾರಿಗೆ, ಎಷ್ಟು, ಹೇಗೆ ಕೊಟ್ಟದ್ದು, ರಸೀದಿ ಸಂಖ್ಯೆ. ಆರೇ ಕಾಲಂ. ಮೊದಲ ಸಾಲು ವಕಾಲತ್ತಿಗೆ ಸಹಿ ಹಾಕಿದ ದಿನದ್ದಾಗಿರಲಿ.

ವಕೀಲರ ಫೀಸನ್ನು ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನಮ್ಮೂರಿನ ಕಡೆ ವಕೀಲರ ಹತ್ತಿರ ರಸೀದಿ ಕೇಳಿದರೆ ಅನುಮಾನ ಪಟ್ಟಂತೆ ಅನ್ನುವ ಭಾವನೆ ಇದೆ, ಅದು ತಪ್ಪು. 'ಸಾರ್, ಗೆದ್ದರೆ ಖರ್ಚು ಕೇಳೋಣ, ಅದಕ್ಕೆ ಬೇಕು' ಅನ್ನಿ, ಒಳ್ಳೆಯ ವಕೀಲರು ಖುಷಿಯಿಂದ ಕೊಡುತ್ತಾರೆ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲೂ ಅದನ್ನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ. ನಗದು ಕೊಟ್ಟವರು ಕೋರ್ಟಿನಲ್ಲೂ ಕಳೆದುಕೊಳ್ಳುತ್ತಾರೆ, ತೆರಿಗೆಯಲ್ಲೂ ಕಳೆದುಕೊಳ್ಳುತ್ತಾರೆ.

ಯಾವ ಯಾವ ಖರ್ಚು ಲೆಕ್ಕಕ್ಕೆ ಬರುತ್ತದೆ ಎನ್ನುವುದಕ್ಕೆ ಸಿವಿಲ್ ಸಂಹಿತೆಯ 20-ಎ ಆದೇಶ ನೋಡಿ. ದಾವೆಗೆ ಮುಂಚಿನ ನೋಟಿಸಿನ ಖರ್ಚು, ಟೈಪಿಂಗ್ ಮತ್ತು ಮುದ್ರಣ, ಕಡತ ಪರಿಶೀಲನೆಯ ಶುಲ್ಕ, ಸಾಕ್ಷಿಗಳನ್ನು ಕರೆತಂದ ಖರ್ಚು (ಕೋರ್ಟು ಸಮನ್ಸ್ ಕೊಡದಿದ್ದರೂ), ಮೇಲ್ಮನವಿಯಲ್ಲಾದರೆ ತೀರ್ಪಿನ ನಕಲಿನ ಖರ್ಚು, ಇಷ್ಟು ಅಲ್ಲಿ ಹೆಸರಿಟ್ಟು ಹೇಳಿದೆ. ಅದರಾಚೆಗೆ, ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಖರ್ಚು ಅಂದರೆ ನಿಜವಾಗಿ ಆದ, ಸಮಂಜಸವಾದ ಖರ್ಚಾಗಿರಬೇಕು, ಅದರಲ್ಲಿ ಕಳೆದ ಸಮಯ, ಓಡಾಟ, ಉಳಿದುಕೊಂಡದ್ದು ಸಹ ಸೇರಬೇಕು ಎಂದಿತು. ಪಾವಗಡದಿಂದ, ಬಾಗೇಪಲ್ಲಿಯಿಂದ, ಮುಳಬಾಗಿಲಿನಿಂದ ಬೆಂಗಳೂರಿಗೆ ಬೆಳಗಿನ ಜಾವ ಹೊರಟು, ಕೇಸು ಕರೆಯದೆ ವಾಪಸ್ ಬರುವವರಿಗೆ ಈ ಮಾತಿನ ಬೆಲೆ ಗೊತ್ತು.

ಬಸ್ ಟಿಕೆಟ್ ಮತ್ತು ಟೋಲ್ ಚೀಟಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಂಡಕ್ಟರ್ ಮೆಷಿನ್ನಿನಿಂದ ಬರುವ ಟಿಕೆಟ್ ಬಿಸಿಗೆ ಮೂಡುವ ಅಕ್ಷರದ್ದು. ಜೇಬಿನ ಬೆವರಿಗೆ, ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಮನೆಗೆ ಬಂದ ದಿನವೇ ಒಂದು ಎ-4 ಹಾಳೆಗೆ ಅಂಟಿಸಿ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಪಿನ್ ಮಾಡಿ. ಅಂಟನ್ನು ಅಕ್ಷರದ ಬೆನ್ನಿಗೆ ಹಚ್ಚಬೇಡಿ, ಅದರಿಂದಲೂ ಮಾಸುತ್ತದೆ, ಅಂಚಿಗೆ ಮಾತ್ರ ಹಚ್ಚಿ. ಕಾರಿನಲ್ಲಿ ಹೋದರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಅದರಲ್ಲಿ ದಿನಾಂಕ, ಸಮಯ, ಟೋಲಿನ ಹೆಸರು ಎಲ್ಲ ಇರುತ್ತದೆ, ಕೇಸು ಕರೆದ ದಿನದ ಜೊತೆ ಹೊಂದಿಸಿ ತೋರಿಸಬಹುದು. ಯುಪಿಐ ಸ್ಕ್ರೀನ್‌ಶಾಟ್ ನಂಬಿಕೊಳ್ಳಬೇಡಿ, ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗಬಹುದು, ಅದನ್ನು ವಕೀಲರು ತಯಾರು ಮಾಡುತ್ತಾರೆ.

ದೇವಸ್ಥಾನ, ಶಾಲೆಯಿಂದ 100 ಮೀಟರ್ ದೂರದ ತಕರಾರಾದರೆ ಅಳತೆಯದೇ ಜಗಳ: ಯಾವ ಬಾಗಿಲಿನಿಂದ, ಯಾವ ದಾರಿ ಹಿಡಿದು ಟೇಪು ಎಳೆಯಬೇಕು ಅನ್ನುವುದು. ಆಗ ನೀವು ಖಾಸಗಿ ಸರ್ವೇಯರನ್ನು ಕರೆಸಿ ನಕ್ಷೆ ಮಾಡಿಸಿರುತ್ತೀರಿ. ಆ ಬಿಲ್ಲೂ ಈ ನೋಟ್‌ಬುಕ್ಕಿಗೆ ಬರಲಿ.

ಹೆಜ್ಜೆ 5: ಅರ್ಜಿಯ ಕೊನೆಯ ಪುಟ

ವಕೀಲರು ಕರಡು ಕೊಟ್ಟಾಗ ಮೊದಲ ಪುಟ ಓದಿ ಸಹಿ ಹಾಕಬೇಡಿ, ಕೊನೆಯ ಪುಟ ಓದಿ. ಪ್ರಾರ್ಥನೆಯ ಭಾಗದಲ್ಲಿ ಖರ್ಚು ಪ್ರತ್ಯೇಕ ಸಾಲಾಗಿ ಇರಬೇಕು: "ಈ ಪ್ರಕರಣದ ವಾಸ್ತವ ಖರ್ಚನ್ನು ಪ್ರತಿವಾದಿಯು ಅರ್ಜಿದಾರರಿಗೆ ಪಾವತಿಸುವಂತೆ ಆದೇಶಿಸಬೇಕು." 'ಅರ್ಜಿದಾರರಿಗೆ' ಅನ್ನುವ ಪದ ಇರಲೇಬೇಕು. ಕೋರ್ಟು ಖರ್ಚು ಹಾಕಿದರೂ ಅದನ್ನು ಕಾನೂನು ಸೇವಾ ಪ್ರಾಧಿಕಾರಕ್ಕೋ ಯಾವುದಾದರೂ ಕ್ಷೇಮಾಭಿವೃದ್ಧಿ ನಿಧಿಗೋ ಕಟ್ಟಿ ಎಂದು ಹೇಳುವುದುಂಟು. ಅಧಿಕಾರಿಗೆ ಬುದ್ಧಿ ಬರುತ್ತದೆ, ನಿಮ್ಮ ಕೈಗೆ ಏನೂ ಬರುವುದಿಲ್ಲ.

ಅರ್ಜಿಯ ಒಳಗೂ ಒಂದು ಪ್ಯಾರಾ ಬೇಕು: ಇಂಥ ದಿನ ಮನವಿ ಕೊಟ್ಟೆ, ಇಷ್ಟು ದಿನ ಕಾದೆ, ಉತ್ತರ ಬರಲಿಲ್ಲ, ಆದ್ದರಿಂದ ಈ ಖರ್ಚು ಪೂರ್ತಿ ಪ್ರತಿವಾದಿಯ ನಡೆಯಿಂದಲೇ ಆದದ್ದು. ಮೂರನೇ ಹೆಜ್ಜೆಯ ಪತ್ರ ಇಲ್ಲಿ ಅನುಬಂಧವಾಗಿ ಸೇರುತ್ತದೆ.

ಹೆಜ್ಜೆ 6: ವಾದ ಮುಗಿಯುವ ಮುಂಚೆ ಖರ್ಚಿನ ಮೆಮೊ

ತೀರ್ಪು ಕಾಯ್ದಿರಿಸುವ ಹೊತ್ತಿಗೆ ಖರ್ಚಿನ ಮೆಮೊ (ಕೋರ್ಟಿಗೆ ಕೊಡುವ ಖರ್ಚಿನ ಪಟ್ಟಿ) ಮತ್ತು ವಕೀಲರ ಫೀ ಸರ್ಟಿಫಿಕೇಟ್ (ಇಷ್ಟು ಫೀಸು ಪಡೆದಿದ್ದೇನೆಂಬ ಅವರ ಪತ್ರ) ಕಡತದಲ್ಲಿ ಇರಬೇಕು. ನಾನು ಮಾಡಿಕೊಡುವ ಮೆಮೊ ಒಂದೂವರೆ ಪುಟ ಮೀರುವುದಿಲ್ಲ. ಮಾದರಿಗೆ ಒಂದು ಲೆಕ್ಕ: ವಕೀಲರ ಫೀಸು 60,000, ಕೋರ್ಟ್ ಶುಲ್ಕ ಮತ್ತು ವಕಾಲತ್ತು 900, ಟೈಪಿಂಗ್ ಮತ್ತು ಜೆರಾಕ್ಸ್ 4,350, ದೃಢೀಕೃತ ನಕಲು 650, ಸರ್ವೇ ನಕ್ಷೆ 8,000, ಒಂಬತ್ತು ಸಲದ ಓಡಾಟ 7,200. ಒಟ್ಟು 81,100. ಪ್ರತಿ ಸಾಲಿನ ಎದುರು ರಸೀದಿ ಸಂಖ್ಯೆ. ರಸೀದಿ ಇಲ್ಲದ ಒಂದು ಸಾಲೂ ಬೇಡ, ಅದು ನಿಜವಾದ ಖರ್ಚೇ ಆಗಿದ್ದರೂ ಬೇಡ. ಒಂದು ಅನುಮಾನದ ಸಾಲು ಉಳಿದ ಐದು ಸಾಲನ್ನೂ ಕೆಡಿಸುತ್ತದೆ.

ಮೊತ್ತವನ್ನು ಉಬ್ಬಿಸಬೇಡಿ. ಸಂಜೀವ್ ಕುಮಾರ್ ಜೈನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ವಕೀಲರ ಫೀಸಿನ ಆಧಾರದ ಮೇಲೆ 45,28,000 ರೂಪಾಯಿ ಖರ್ಚು ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಉಳಿಸಲಿಲ್ಲ. ವಾಸ್ತವ ಖರ್ಚು ಅಂದರೂ ಅದು ಆ ನ್ಯಾಯಾಲಯದ ನಿಯಮಗಳ ಚೌಕಟ್ಟಿನಲ್ಲೇ ಇರಬೇಕು ಎಂದಿತು. ಹಿರಿಯ ವಕೀಲರನ್ನು ನಿಲ್ಲಿಸಿದ್ದು ನಿಮ್ಮ ಇಷ್ಟ, ಅದರ ಪೂರ್ತಿ ಹೊರೆ ಎದುರಿನವರ ಮೇಲೆ ಬೀಳುತ್ತದೆಂದು ಲೆಕ್ಕ ಹಾಕಬೇಡಿ. ಸುಳ್ಳು ಅಥವಾ ಕಿರುಕುಳದ ವಾದಕ್ಕೆಂದು ಇರುವ 35-ಎ ಕಲಮಿನ ಪರಿಹಾರಕ್ಕೆ 3,000 ರೂಪಾಯಿಯ ಮಿತಿ ಇದೆ. ಸುಪ್ರೀಂ ಕೋರ್ಟೇ ಅದನ್ನು ಹೆಚ್ಚಿಸಬೇಕೆಂದು ಹೇಳಿದೆ. ಅದರ ಹಿಂದೆ ಬಿದ್ದು ಸಮಯ ಕಳೆಯುವುದಕ್ಕಿಂತ, ಎದುರಿನವರು ಆಕ್ಷೇಪಣೆ ಹಾಕಲು ವಾಯಿದೆ ಮೇಲೆ ವಾಯಿದೆ ಕೇಳಿದಾಗ 35-ಬಿ ಕಲಮಿನ ಅಡಿ ಆ ದಿನದ ಖರ್ಚನ್ನು ಆಗಲೇ ಕೇಳಿ.

ನ್ಯಾಯಮೂರ್ತಿಗಳು ಯಾವಾಗ ಖರ್ಚು ಹಾಕಲು ಮನಸ್ಸು ಮಾಡುತ್ತಾರೆ, ಯಾವಾಗ ಮಾಡುವುದಿಲ್ಲ ಎನ್ನುವುದಕ್ಕೆ ನಮ್ಮ ಮೂರು ಜಿಲ್ಲೆಯವರಿಗೆಲ್ಲ ನೆನಪಿರುವ ಉದಾಹರಣೆಯೇ ಇದೆ. ತುಮಕೂರಿನ ಮೇಲೆ ರಾಷ್ಟ್ರೀಯ ಹೆದ್ದಾರಿ 48, ಕೋಲಾರದ ಮೇಲೆ 75, ಚಿಕ್ಕಬಳ್ಳಾಪುರದ ಮೇಲೆ 44. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದಿತು. 2017ರ ಮಾರ್ಚ್ 31ರಂದು, 20,000 ಜನಸಂಖ್ಯೆಯವರೆಗಿನ ಊರುಗಳಲ್ಲಿ 220 ಮೀಟರ್ ಸಾಕು ಎಂದಿತು. ಅದೇ ಜುಲೈನಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಒಳಗಿನ ಅಂಗಡಿಗಳಿಗೆ ಈ ತಡೆ ಇಲ್ಲ ಎಂದು ಸ್ಪಷ್ಟಪಡಿಸಿತು. ಎಂಟು ತಿಂಗಳಲ್ಲಿ ಕಾನೂನೇ ಮೂರು ಸಲ ಬದಲಾದಾಗ ಅಂಗಡಿ ಮುಚ್ಚಿಸಿದ ಅಧಿಕಾರಿಯನ್ನು ದೂರಿ ಖರ್ಚು ಕೊಡಿ ಎಂದರೆ ಯಾವ ಕೋರ್ಟೂ ಕೊಡುವುದಿಲ್ಲ, ಕೊಡಬಾರದು ಕೂಡ. ಆ ಅಧಿಕಾರಿಗೂ ದಾರಿ ಕಾಣುತ್ತಿರಲಿಲ್ಲ. ಆದರೆ ಕಾನೂನು ಸ್ಪಷ್ಟವಾಗಿದ್ದು, ನೋಟಿಸ್ ಕೊಡಬೇಕೆಂದು ಗೊತ್ತಿದ್ದೂ ಕೊಡದೆ, ಮನವಿ ಕೊಟ್ಟರೂ ತಿದ್ದಿಕೊಳ್ಳದೆ ಇದ್ದರೆ ಅದು ಬೇರೆ ಮಾತು. ನಿಮ್ಮ ಕೇಸು ಈ ಎರಡರಲ್ಲಿ ಯಾವುದು ಎಂದು ಮೊದಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಸರ್ಕಾರಿ ವಕೀಲರು ಒಂದು ವಾದವನ್ನು ಖಂಡಿತ ಎತ್ತುತ್ತಾರೆ: ಮದ್ಯ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು. ಖೋಡೆ ಡಿಸ್ಟಿಲರೀಸ್ ವಿರುದ್ಧ ಕರ್ನಾಟಕ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ. ಆದರೆ ಸನ್ನದು ಕೊಟ್ಟ ಮೇಲೆ ಅದನ್ನು ಮನಬಂದಂತೆ ಕಿತ್ತುಕೊಳ್ಳಲು ಸಮಾನತೆಯ ಹಕ್ಕು ಹೇಳುವ ಸಂವಿಧಾನದ 14ನೇ ವಿಧಿ ಬಿಡುವುದಿಲ್ಲ. ವ್ಯಾಪಾರ ಮದ್ಯದ್ದು ಎಂಬ ಕಾರಣಕ್ಕೆ ನೀವು ತಲೆ ತಗ್ಗಿಸಿ ನಿಲ್ಲಬೇಕಿಲ್ಲ. ಸರ್ಕಾರದ ಖಜಾನೆಗೆ ಸುಂಕ ಕಟ್ಟಿ, ಸರ್ಕಾರ ಕೊಟ್ಟ ಸನ್ನದಿನಲ್ಲಿ ಮಾಡುವ ವ್ಯಾಪಾರ ಅದು.

ಹೆಜ್ಜೆ 7: ತೀರ್ಪು ಬಂದ ವಾರ

ಆದೇಶದ ಕೊನೆಯ ಪ್ಯಾರಾವನ್ನು ಅದೇ ದಿನ ಓದಿ. ಖರ್ಚು ಕೊಟ್ಟಿದ್ದರೆ ನಾಲ್ಕು ವಿಷಯ ಇದೆಯೇ ನೋಡಿ: ಎಷ್ಟು, ಯಾರು ಕೊಡಬೇಕು, ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಹಣ ಬರುವುದು ತಿಂಗಳುಗಟ್ಟಲೆ ಎಳೆಯುತ್ತದೆ. ಹೈಕೋರ್ಟಿನಲ್ಲಿ ಇಂಥ ಸಣ್ಣ ಕೊರತೆ ಸರಿಪಡಿಸಲು 'ಬೀಯಿಂಗ್ ಸ್ಪೋಕನ್ ಟು' ಎಂದು ಮೆಮೊ ಹಾಕಿ ಕೇಸನ್ನು ಮತ್ತೆ ಪಟ್ಟಿಗೆ ತರಿಸುವ ರೂಢಿ ಇದೆ. ಬರವಣಿಗೆಯ ತಪ್ಪಾದರೆ ಸಿವಿಲ್ ಕೋರ್ಟಿನಲ್ಲಿ ಸಿವಿಲ್ ಸಂಹಿತೆಯ 152ನೇ ಕಲಂ. ಖರ್ಚಿನ ಪ್ರಸ್ತಾಪವನ್ನೇ ಕೋರ್ಟು ಮರೆತಿದ್ದರೆ ಪುನರ್‌ಪರಿಶೀಲನೆಯ ಅರ್ಜಿ, ಅದಕ್ಕೆ 30 ದಿನ. ಕೋರ್ಟು ಯೋಚಿಸಿಯೇ ಖರ್ಚು ನಿರಾಕರಿಸಿದ್ದರೆ ಬರೀ ಅದಕ್ಕಾಗಿ ಮೇಲ್ಮನವಿ ಹೋಗಬೇಡಿ. ಮತ್ತೆ 40,000 ಸುರಿದು 20,000 ಕೇಳಿದಂತಾಗುತ್ತದೆ.

ದೃಢೀಕೃತ ನಕಲಿಗೆ ತಕ್ಷಣ ಅರ್ಜಿ ಹಾಕಿ.

ಹೆಜ್ಜೆ 8: ಹಣ ಕೈಗೆ ಬರುವವರೆಗೆ

ಆದೇಶ ಆದ ಮಾತ್ರಕ್ಕೆ ಯಾರೂ ಚೆಕ್ ಹಿಡಿದು ಬರುವುದಿಲ್ಲ. ಕಚೇರಿಯೊಳಗೆ ಮೊದಲು ಮೇಲ್ಮನವಿ ಹೋಗಬೇಕೋ ಬೇಡವೋ ಎಂಬ ಅಭಿಪ್ರಾಯ ಪಡೆಯಬೇಕು, ಆಮೇಲೆ ಮಂಜೂರಾತಿ, ಆಮೇಲೆ ಖಜಾನೆಗೆ ಬಿಲ್ಲು. ಏಕಸದಸ್ಯ ಪೀಠದ ತೀರ್ಪಿನ ವಿರುದ್ಧ ರಿಟ್ ಮೇಲ್ಮನವಿಗೆ 30 ದಿನ. ಆ ಅವಧಿಯಲ್ಲಿ ಸುಮ್ಮನೆ ಕೂರದೆ, ದೃಢೀಕೃತ ನಕಲಿನ ಜೊತೆ ಒಂದು ಬೇಡಿಕೆ ಪತ್ರ ಕೊಡಿ. ಬ್ಯಾಂಕ್ ಖಾತೆಯ ವಿವರ, ಪ್ಯಾನ್ ಪ್ರತಿ, ರದ್ದು ಮಾಡಿದ ಚೆಕ್ ಒಂದು, ಸನ್ನದಿನ ಪ್ರತಿ ಲಗತ್ತಿಸಿ. ಖಾತೆಯ ಹೆಸರು ಆದೇಶದಲ್ಲಿರುವ ಅರ್ಜಿದಾರರ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಸನ್ನದು ತಂದೆಯ ಹೆಸರಲ್ಲಿ, ಖಾತೆ ಮಗನ ಹೆಸರಲ್ಲಿ ಇದ್ದು ಬಿಲ್ಲು ವಾಪಸ್ ಬಂದದ್ದನ್ನು ನೋಡಿದ್ದೇನೆ. ಪ್ರತಿಯನ್ನು ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ, ಅಬಕಾರಿ ಆಯುಕ್ತರಿಗೆ, ಕೇಸು ನಡೆಸಿದ ಸರ್ಕಾರಿ ವಕೀಲರಿಗೆ ಕೊಡಿ. ಎಲ್ಲದರ ಮೇಲೂ ಮುದ್ರೆ.

ಸಿವಿಲ್ ಡಿಕ್ರಿಯಾದರೆ ಸರ್ಕಾರದ ಮೇಲೆ ಅಮಲ್ಜಾರಿ (ಡಿಕ್ರಿಯನ್ನು ಕೋರ್ಟಿನ ಮೂಲಕ ಜಾರಿ) ಮಾಡಿಸಲು ಮೂರು ತಿಂಗಳು ಕಾಯಲೇಬೇಕು, ಸಿವಿಲ್ ಸಂಹಿತೆಯ 82ನೇ ಕಲಂ ಹಾಗೆ ಹೇಳುತ್ತದೆ. ಆಮೇಲೂ ಕೊಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ. ಡಿಕ್ರಿಗೆ 12 ವರ್ಷ ಜೀವ ಇರುತ್ತದೆ, ಆದರೆ ಅಧಿಕಾರಿಗಳು ವರ್ಗವಾಗಿ ಕಡತ ಹಳೆಯ ಬೀರುವಿಗೆ ಸೇರುವ ಮುಂಚೆ ಮಾಡಿಸಿಕೊಳ್ಳಿ. ಹೈಕೋರ್ಟು ಗಡುವು ಹಾಕಿದ್ದೂ ಕೊಡದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿಯ ದಾರಿ ಇದೆ, ಅದಕ್ಕೆ ಒಂದೇ ವರ್ಷ. ಬರೀ ಹಣ ವಸೂಲಿಗೆ ನಿಂದನೆಯ ಅರ್ಜಿ ಹಾಕುವುದನ್ನು ಕೋರ್ಟುಗಳು ಇಷ್ಟಪಡುವುದಿಲ್ಲ, ಹಾಗಾಗಿ ಅದಕ್ಕೆ ಮುಂಚೆ ವಕೀಲರಿಂದ 15 ದಿನದ ನೋಟಿಸ್ ಕೊಡಿಸಿ. ನಾನು ಕಂಡಂತೆ ಹೆಚ್ಚಿನ ಹಣ ಆ ನೋಟಿಸಿಗೇ ಬಂದಿದೆ.

ನಷ್ಟ, ಕ್ರಿಮಿನಲ್ ಕೇಸು

ಮುಚ್ಚಿದ್ದ ದಿನಗಳ ನಷ್ಟ ಕೇಳುವುದಾದರೆ ಸಿವಿಲ್ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸ್ ಕೊಟ್ಟು ದಾವೆ ಹೂಡಬೇಕು. ಕಾನೂನಿನ ಅಡಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದ ಕೊಡುವುದು ಒಂದೇ ವರ್ಷ (ನೋಟಿಸಿನ ಅವಧಿ ಅದರಲ್ಲಿ ಸೇರುವುದಿಲ್ಲ). ರಿಟ್ ಮುಗಿಯಲಿ ಎಂದು ಕಾಯುತ್ತ ಈ ವರ್ಷ ಕಳೆದುಕೊಂಡವರೇ ಹೆಚ್ಚು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಗಳಿಗೆ ಕಾಯ್ದೆಯ ರಕ್ಷಣೆ ಇರುವುದರಿಂದ ಈ ದಾವೆ ಸುಲಭದ್ದಲ್ಲ. ನಷ್ಟ ದೊಡ್ಡದಿದ್ದು, ದುರುದ್ದೇಶಕ್ಕೆ ಕಾಗದ ಇದ್ದರೆ ಮಾತ್ರ ಕೈ ಹಾಕಿ. ನಷ್ಟದ ಲೆಕ್ಕಕ್ಕೆ ಹಿಂದಿನ ವರ್ಷ ಅದೇ ತಿಂಗಳು ಪಾನೀಯ ನಿಗಮದ (ಮದ್ಯವನ್ನು ಸಗಟಾಗಿ ಮಾರುವ ಸರ್ಕಾರಿ ಸಂಸ್ಥೆ) ಡಿಪೋದಿಂದ ಎತ್ತಿದ ಮಾಲಿನ ಬಿಲ್ಲುಗಳೇ ಒಳ್ಳೆಯ ಸಾಕ್ಷಿ.

ಅಬಕಾರಿ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೆ ವಕೀಲರ ಫೀಸು ವಾಪಸ್ ಕೊಡಿಸುವ ಪದ್ಧತಿ ಇಲ್ಲ. ಆಧಾರವಿಲ್ಲದ ಆರೋಪಕ್ಕೆ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸುವ ಅವಕಾಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 273ನೇ ಕಲಮಿನಲ್ಲಿದೆ, ವಕೀಲರಿಗೆ ಒಮ್ಮೆ ನೆನಪಿಸಿ. ಆಧಾರವಿಲ್ಲದೆ ಬಂಧಿಸಿದ್ದಕ್ಕೆ ಸಿಗುವ ಪರಿಹಾರದ ಮಿತಿ ಇವತ್ತಿಗೂ 1,000 ರೂಪಾಯಿ. ಈ ಅಂಕಿ ಬದಲಾಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ತೆರಿಗೆಯ ಕಡೆಯಿಂದ

ಖರ್ಚು ಸಿಗಲಿ ಬಿಡಲಿ, ಸನ್ನದು ಉಳಿಸಿಕೊಳ್ಳಲು ಕೊಟ್ಟ ವಕೀಲರ ಫೀಸು ವ್ಯಾಪಾರದ ಖರ್ಚು. ಆದಾಯ ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯಲು ಬರುತ್ತದೆ, ದಂಡ ಮಾತ್ರ ಕಳೆಯಲು ಬರುವುದಿಲ್ಲ. ನೋಟ್‌ಬುಕ್ಕಿನ ಒಂದು ಪ್ರತಿಯನ್ನು ಮಾರ್ಚ್ ಮುಗಿಯುವ ಮುಂಚೆ ನಿಮ್ಮ ಲೆಕ್ಕಿಗರಿಗೆ ಕೊಡಿ. ಊಟದ ವಿಭಾಗಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ ವಕೀಲರ ಫೀಸಿನ ಮೇಲಿನ ತೆರಿಗೆಯನ್ನು ನೀವೇ ಕಟ್ಟಬೇಕಾಗಬಹುದು, ಕಟ್ಟಿದ ಚಲನ್ ಕೂಡ ಖರ್ಚಿನ ಪಟ್ಟಿಗೆ ಸೇರಲಿ. ಮುಂದೆ ಸರ್ಕಾರದಿಂದ ಹಣ ಬಂದರೆ, ಆಗಲೇ ಖರ್ಚೆಂದು ಕಳೆದಿದ್ದ ಮೊತ್ತ ಅದು, ಬಂದ ವರ್ಷದ ಆದಾಯವಾಗಿ ತೋರಿಸಬೇಕು. ಹಣ ಜಮೆಯಾದ ದಿನವೇ ಆದೇಶದ ಪ್ರತಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟವನ್ನು ಲೆಕ್ಕಿಗರಿಗೆ ಕಳಿಸಿಬಿಡಿ.